ಮಂಗಳನಲ್ಲಿ ಮೊದಲು ಗಾಳಿ, ಆಮೇಲೆ ಗಿಡ

ಕಂಪ್ಯೂಟರ್ ಆಟದ ಹೆಸರು ಸರ್ವೈವಿಂಗ್ ಮಾರ್ಸ್. ಬಲ್ಗೇರಿಯಾದ ಹೇಮಿಮಾಂಟ್ ಗೇಮ್ಸ್ ಮಾಡಿದ್ದು, 2018ರಲ್ಲಿ ಬಂತು. ಮಂಗಳ ಗ್ರಹದಲ್ಲಿ ಊರು ಕಟ್ಟುವುದು ಮೂಲ ಆಟ. ಗ್ರಹವನ್ನೇ ಹಸಿರು ಮಾಡಬೇಕಿದ್ದರೆ 2019ರಲ್ಲಿ ಬಂದ ಗ್ರೀನ್ ಪ್ಲಾನೆಟ್ ಎಂಬ ಸೇರ್ಪಡೆಯೂ ಬೇಕು. ನಾನು ಎರಡನ್ನೂ ಸೇರಿಸಿ ಆಡಿದ್ದು ಕಾಸರಗೋಡಿನ ಪೆರ್ಲದ ಮನೆಯಲ್ಲಿ, ಹೆಚ್ಚಾಗಿ ಮಳೆಗಾಲದ ರಾತ್ರಿಗಳಲ್ಲಿ. ಗಾಳಿಮಳೆಗೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಿಕ್ಕಾಗುವುದಿಲ್ಲ. ಹಾಗಾಗಿ ಆಗಾಗ ಸೇವ್ ಮಾಡುವುದನ್ನು ನನಗೆ ಯಾರೂ ಕಲಿಸಬೇಕಾಗಲಿಲ್ಲ.

ಇಳಿಯುವ ಜಾಗ ಆರಿಸುವಾಗ ನಾನು ನೋಡುವುದು ನೀರು ಮಾತ್ರ. ಲೋಹ, ಕಾಂಕ್ರೀಟು ಎಲ್ಲ ಆಮೇಲೆ. ನಮ್ಮ ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು ನೀರು ತರುತ್ತಾರೆ. ನೀರಿನ ಒಸರು ಸಿಕ್ಕಿದ ಮೇಲೆಯೇ ಮನೆ, ತೋಟದ ಮಾತು. ಮಂಗಳನಲ್ಲೂ ಅದೇ ಲೆಕ್ಕ. ಗಾಳಿಯಿಂದ ತೇವ ಹಿಂಡುವ ವೇಪರೇಟರ್ ಆಟದಲ್ಲಿದೆ, ನಿಜ. ಆದರೆ ಧೂಳಿನ ಬಿರುಗಾಳಿ ಎದ್ದರೆ ಅದು ನಿಂತುಬಿಡುತ್ತದೆ. ಆಮ್ಲಜನಕ ಕೊಡುವ ಮಾಕ್ಸಿಯೂ ಜೊತೆಗೇ ನಿಲ್ಲುತ್ತದೆ. ನೆಲದಡಿಯ ನೀರಿಗೆ ಆ ತೊಂದರೆ ಇಲ್ಲ. ಅದು ಒಂದು ದಿನ ಮುಗಿಯುತ್ತದೆ, ಅಷ್ಟೇ. ಹಾಗಾಗಿ ಶುರುವಿಗೆ ನೆಲದ ನೀರು, ಪಕ್ಕದಲ್ಲಿ ದೊಡ್ಡ ಟ್ಯಾಂಕುಗಳು, ವೇಪರೇಟರ್ ನಿಧಾನಕ್ಕೆ.

ಜನರನ್ನು ಕರೆಸಲು ಅವಸರ ಬೇಡ. ಮೊದಲ ರಾಕೆಟ್ಟಿನಲ್ಲಿ ಬರುವುದು 12 ಮಂದಿ. ಅವರು ಬದುಕಿ ತೋರಿಸುವ ತನಕ ಬೇರೆ ಯಾರನ್ನೂ ಕಳಿಸುವುದಿಲ್ಲ. ಟ್ಯಾಂಕು, ಬ್ಯಾಟರಿ ಎಲ್ಲ ತುಂಬಿ, ಕಟ್ಟುವ ಹೊರುವ ಕೆಲಸ ಮಾಡುವ ರೋಬಾಟುಗಳು, ಅಂದರೆ ಡ್ರೋನುಗಳು, ಸುಮ್ನೆ ನಿಲ್ಲುವ ತನಕ ನಾನು ಕಾಯುತ್ತೇನೆ.

ನಿಜವಾದ ಮಜಾ ಇರುವುದು ಗ್ರಹ ಬದಲಿಸುವ ಕೆಲಸದಲ್ಲಿ. ಗಾಳಿ, ಬಿಸಿ, ನೀರು, ಗಿಡಮರ ಎಂದು ನಾಲ್ಕು ಅಳತೆಗಳಿವೆ. ಹೆಚ್ಚಿನವರು ಬಿಸಿಯಿಂದ ಶುರುಮಾಡುತ್ತಾರೆ. ಶೀತದ ಅಲೆ ಬಂದಾಗ ವಿದ್ಯುತ್ ಖರ್ಚು ಏರುವುದನ್ನು ನೋಡಿದರೆ ಹಾಗನ್ನಿಸುವುದು ಸಹಜವೇ. ನಾನು ಗಾಳಿಯಿಂದ ಶುರುಮಾಡುತ್ತೇನೆ. ಕಾರಣ ತೀರಾ ಸಣ್ಣದು: ಗಣಿ ತೋಡಿದ ಹಾಗೆ ಕಲ್ಲಿನ ರಾಶಿ ಬೀಳುತ್ತಾ ಹೋಗುತ್ತದೆ. ಡ್ರೋನುಗಳು ಅದನ್ನು ಹೊತ್ತು ಹೊತ್ತು ಸುಸ್ತು. ರಾಶಿ ಹಾಕಲು ಜಾಗವೂ ದಂಡ. ಕಾರ್ಬೊನೇಟ್ ಪ್ರೊಸೆಸರ್ ಇದೆಯಲ್ಲ, ಅದಕ್ಕೆ ಈ ಕಲ್ಲೇ ಊಟ. ಅದನ್ನು ರಾಶಿಯ ಪಕ್ಕದಲ್ಲೇ ಕಟ್ಟಿದರೆ ಕಸವೂ ಕರಗುತ್ತದೆ, ಗಾಳಿಯೂ ದಪ್ಪವಾಗುತ್ತದೆ.

ಆದರೆ ಗಾಳಿ ಸೋರುತ್ತದೆ ಮಾರಾಯ್ರೇ. ಅದನ್ನು ತಡೆಯಲು ಮ್ಯಾಗ್ನೆಟಿಕ್ ಫೀಲ್ಡ್ ಜನರೇಟರ್ ಬೇಕು. ಇದು ಆಟದವರು ಕಟ್ಟಿದ ಕಥೆ ಅಲ್ಲ. ಮಂಗಳನಿಗೆ ಭೂಮಿಯ ಹಾಗೆ ಇಡೀ ಗ್ರಹವನ್ನು ಕಾಯುವ ಕಾಂತಕ್ಷೇತ್ರ ಇಲ್ಲ. ಸೂರ್ಯನ ಕಡೆಯಿಂದ ಬೀಸುವ ಕಣಗಳು ವಾತಾವರಣವನ್ನು ಸ್ವಲ್ಪಸ್ವಲ್ಪವೇ ಹೊತ್ತೊಯ್ಯುತ್ತವೆ. ಇದನ್ನು ಅಳೆದದ್ದು ನಾಸಾದ ಮೇವನ್ ನೌಕೆ. ನಮ್ಮ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಅಲ್ಲಿಗೆ ತಲುಪಿತಲ್ವಾ, ಅದಕ್ಕಿಂತ ಎರಡೇ ದಿನ ಮೊದಲು ಮೇವನ್ ಮುಟ್ಟಿತ್ತು.

ಗಾಳಿ ಒಂದು ಹದಕ್ಕೆ ಬಂದ ಮೇಲೆ ಬಿಸಿ. ಹಸಿರುಮನೆ ಅನಿಲದ ಕಾರ್ಖಾನೆ ಇಂಧನ ತಿನ್ನುತ್ತದೆ, ಇಂಧನಕ್ಕೆ ಮತ್ತೆ ನೀರು ಬೇಕು. ಎಲ್ಲ ದಾರಿಯೂ ನೀರಿಗೇ ಬಂದು ಸೇರುತ್ತದೆ. ಕೆರೆ ತೋಡಿಸಿ ತುಂಬಿಸುವ ಕೆಲಸವನ್ನೂ ಆಗಲೇ ಶುರುಮಾಡುತ್ತೇನೆ.

ಗಿಡ ನೆಡುವುದು ಕಲ್ಲುಹೂವಿನಿಂದ ಶುರು. ಆಮೇಲೆ ಹುಲ್ಲು, ಪೊದೆ, ಮರ. ಈ ನಡುವೆ ಒಂದು ಕಂಟಕ ಇದೆ, ವಿಷಮಳೆ. ವಾತಾವರಣ ಅರ್ಧಂಬರ್ಧ ಬದಲಾದ ಹೊತ್ತಿಗೆ ಬರುತ್ತದೆ. ನೆಲದಲ್ಲಿ ಅಲ್ಲಲ್ಲಿ ವಿಷದ ಹೊಂಡ ನಿಂತು ಸುತ್ತಲಿನ ಮಣ್ಣು ಕೆಡುತ್ತದೆ. ಮೊದಲ ಸಲ ಇದು ಪರದೆಯ ಮೇಲೆ ಬಂದಾಗ ನಾನು ಆಟ ನಿಲ್ಲಿಸಿ ಎದ್ದು ಹೋಗಿದ್ದೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ನಮ್ಮ ಎಣ್ಮಕಜೆಯ ಕಡೆಯವರಿಗೆ ಅದನ್ನು ಸುಮ್ನೆ ಆಟ ಅಂತ ನೋಡುವುದು ಸ್ವಲ್ಪ ಕಷ್ಟ. ಆಟದಲ್ಲಿ ಪರಿಹಾರ ಸುಲಭ. ಬೀಜವನ್ನೆಲ್ಲ ಒಮ್ಮೆಲೇ ಬಿತ್ತದೆ ಅರ್ಧ ಉಳಿಸಿಕೊಳ್ಳಬೇಕು. ಶುದ್ಧ ಮಳೆ ಶುರುವಾದ ಮೇಲೆ ಉಳಿದದ್ದನ್ನು ಬಿತ್ತಬೇಕು.

ಒಂದು ತಕರಾರು ಹೇಳಿಬಿಡುತ್ತೇನೆ. ಆಟದಲ್ಲಿ ನಾಲ್ಕೂ ಅಳತೆ ನೂರಕ್ಕೆ ನೂರು ಮುಟ್ಟುತ್ತವೆ. ಆದರೆ ಈಗ ಗೊತ್ತಿರುವ ವಿಧಾನಗಳಿಂದ ಮಂಗಳನಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೊರತೆಗೆದರೂ ಗ್ರಹವನ್ನು ಬೇಕಾದಷ್ಟು ಬೆಚ್ಚಗೆ ಮಾಡಲು ಸಾಲದು ಎಂದು ಆಟ ಬಂದ 2018ರಲ್ಲೇ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಅಲ್ಲಿನ ಗಾಳಿಯ ಒತ್ತಡ ಈಗ ಭೂಮಿಯದರ ಶೇಕಡ 1ಕ್ಕಿಂತಲೂ ಕಡಿಮೆ. ಆ ಕಷ್ಟದ ಒಂದು ಪಾಲನ್ನಾದರೂ ಆಟದಲ್ಲಿ ಇಡಬಹುದಿತ್ತು. ಕೊನೆಯ ಹಂತ ತುಂಬಾ ಸಲೀಸು.

ಆದರೂ ಗಾಳಿ ಉಸಿರಾಡುವಷ್ಟಾದ ಮೇಲೆ ಜನ ವಾಸಿಸುವ ಗಾಜಿನ ಗುಮ್ಮಟಗಳ, ಅಂದರೆ ಡೋಮ್‌ಗಳ ಗಾಜು ತೆರೆಯುವ ಬಟನ್ ಒತ್ತುವುದು ನನಗೆ ಇವತ್ತಿಗೂ ಖುಷಿಯೇ. ಜನ ಸೂಟು ಇಲ್ಲದೆ ಹೊರಗೆ ಓಡಾಡುತ್ತಾರೆ. ನಾನು ಮಾತ್ರ ಆ ಹೊತ್ತಿಗೆ ಮಾಕ್ಸಿಗಳನ್ನು ಒಂದೊಂದಾಗಿ ಆಫ್ ಮಾಡಿ, ಉಳಿದ ಕರೆಂಟನ್ನು ಇನ್ನೊಂದು ಕೆರೆಗೆ ನೀರೆತ್ತಲು ಹಚ್ಚುತ್ತಿರುತ್ತೇನೆ.