ಎನ್ವಿಯ ಹಾಗೆ ಹಾಡು ಕಟ್ಟುವುದು: ಗಿಟಾರ್, ಡ್ರಮ್ಸ್, ಗಂಟಲು

ಟೋಕಿಯೊದ ಎನ್ವಿ 1992ರಲ್ಲಿ ಹಾರ್ಡ್‌ಕೋರ್ (ಪಂಕ್ ರಾಕಿನ ಇನ್ನೂ ವೇಗದ, ಒರಟು ರೂಪ) ಬ್ಯಾಂಡಾಗಿ ಶುರುವಾಯಿತು. ಆ ಸದ್ದು ಕಲಿಯಬೇಕೆಂದರೆ ಮೊದಲು ಆಲ್ಬಮ್‌ಗಳನ್ನು ಬಂದ ಕ್ರಮದಲ್ಲೇ ಕೇಳಿ. 1998ರದ್ದರಲ್ಲಿ ವೇಗವೇ ಹೆಚ್ಚು. 2001ರದ್ದರಲ್ಲಿ ಆ ವೇಗದ ನಡುವೆ ಮೆಲುವಾದ ಗಿಟಾರ್ ಭಾಗಗಳಿಗೆ ಜಾಗ ಸಿಗುತ್ತದೆ. 2003ರ ‘ಎ ಡೆಡ್ ಸಿಂಕಿಂಗ್ ಸ್ಟೋರಿ’ಯಲ್ಲಿ ಎರಡೂ ಸಮ ಬಲದಲ್ಲಿ ನಿಲ್ಲುತ್ತವೆ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. 2006ರ ‘ಇನ್ಸಾಮ್ನಿಯಾಕ್ ಡೋಜ್’ ಹೊತ್ತಿಗೆ ಹಾಡುಗಳು ಹಿಗ್ಗಿವೆ, ಒಂದಂತೂ ಹದಿನೈದು ನಿಮಿಷದಷ್ಟಿದೆ. ಇದೊಂದನ್ನೇ ಕೇಳಿ ಹೊರಟವರು ರಿವರ್ಬ್ (ದೊಡ್ಡ ಕೋಣೆಯಲ್ಲಿ ನುಡಿಸಿದಂಥ ಗುಂಗು) ಏರಿಸಿ ಸುಮ್ಮನಾಗುತ್ತಾರೆ, ಹಾರ್ಡ್‌ಕೋರಿನ ಬಿಗಿ ಕೈಗೆ ಬರುವುದೇ ಇಲ್ಲ.

ಗಿಟಾರಿನಲ್ಲಿ ಎಲ್ಲರೂ ಎಡವುವುದು ಗೇನ್ (ಸದ್ದನ್ನು ಒರಟಾಗಿಸುವ ಆಂಪ್‌ನ ನಾಬ್) ವಿಷಯದಲ್ಲಿ. ಗೇನ್ ಜಾಸ್ತಿಯಾದಷ್ಟೂ ಮೆಲುವಾಗಿ ಮೀಟಿದ್ದೂ ಜೋರಾಗಿ ಹೊಡೆದದ್ದೂ ಒಂದೇ ಮಟ್ಟಕ್ಕೆ ಬಂದುಬಿಡುತ್ತವೆ. ಹಾಡು ಉಕ್ಕಬೇಕಾದಲ್ಲಿ ಉಕ್ಕಲು ಏನೂ ಉಳಿದಿರುವುದಿಲ್ಲ. ನಿಮಗೆ ಸರಿ ಅನ್ನಿಸಿದ ಗೇನ್‌ನ ಅರ್ಧಕ್ಕೆ ಇಳಿಸಿ, ಆಂಪ್‌ನ ವಾಲ್ಯೂಮ್ ಏರಿಸಿ. ಮೆಲು ಭಾಗಕ್ಕೆ ಗಿಟಾರಿನ ವಾಲ್ಯೂಮ್ ನಾಬ್ 3ಕ್ಕೋ 4ಕ್ಕೋ ಇರಲಿ.

ಪೆಡಲ್‌ಗಳ ಕ್ರಮ: ಸದ್ದನ್ನು ಒರಟಾಗಿಸುವ ಓವರ್‌ಡ್ರೈವ್, ಆಮೇಲೆ ಪ್ರತಿಧ್ವನಿ ಕೊಡುವ ಡಿಲೇ, ಕೊನೆಗೆ ರಿವರ್ಬ್. ಡಿಲೇ ಮುಂಚೆ ಬಂದರೆ ಪ್ರತಿಧ್ವನಿಯೂ ಡಿಸ್ಟಾರ್ಷನ್ ಒಳಗೆ ಹೋಗಿ ಸ್ವರಗಳೆಲ್ಲ ಕಲಸಿಹೋಗುತ್ತವೆ. ಆಂಪ್‌ನದೇ ಡಿಸ್ಟಾರ್ಷನ್ ಬಳಸುವುದಾದರೆ ಡಿಲೇ, ರಿವರ್ಬ್ ಎರಡನ್ನೂ ಎಫೆಕ್ಟ್ಸ್ ಲೂಪಿಗೆ (ಆಂಪ್‌ನ ಡಿಸ್ಟಾರ್ಷನ್ ಆದ ಮೇಲೆ ಪೆಡಲ್ ಸೇರಿಸುವ ಜಾಗ) ಹಾಕಿ. 75 ಬಿಪಿಎಂನಲ್ಲಿ (ನಿಮಿಷಕ್ಕೆ 75 ಬೀಟ್) ಒಂದು ಬೀಟ್ 800 ಮಿಲಿಸೆಕೆಂಡ್, ಅದರ ಮುಕ್ಕಾಲು 600. ಡಿಲೇಯನ್ನು 600ಕ್ಕೆ ಇಟ್ಟು, ಮೂರು ಸಲ ಮರುಕಳಿಸಿದರೆ ಸಾಕು.

ಇಬ್ಬರು ಗಿಟಾರಿಸ್ಟ್‌ಗಳು ಒಂದೇ ಕಾರ್ಡ್ ಹೊಡೆಯಬೇಡಿ. ಒಬ್ಬರು ಕೆಳಗಿನ ಸ್ವರದ ತಂತಿಗಳಲ್ಲಿ ಕಾರ್ಡ್ ಹಿಡಿದಿರಲಿ, ಇನ್ನೊಬ್ಬರು ಮೇಲಿನ ಸ್ವರದ ಎರಡು ತಂತಿಗಳ ಮೇಲೆ ಟ್ರೆಮೊಲೊ ಪಿಕಿಂಗ್‌ನಲ್ಲಿ (ಒಂದೇ ಸ್ವರವನ್ನು ಬಿಡದೆ ವೇಗವಾಗಿ ಮೀಟುತ್ತ) ರಾಗ ಎಳೆಯಲಿ. ಇದೇ ವೇಗದಲ್ಲಿ ಬೀಟಿಗೆ ಎಂಟು ಹೊಡೆತ ಅಂದರೆ ಸೆಕೆಂಡಿಗೆ ಹತ್ತು. ಮೊದಲು ಬೀಟಿಗೆ ಆರರಲ್ಲಿ ಸಲೀಸಾಗಲಿ. ಮೊಣಕೈ ಬಿಗಿಯಾದರೆ ಹೊಡೆತ ಏರುಪೇರಾಗುತ್ತದೆ, ಮಣಿಕಟ್ಟಿನಿಂದಲೇ ಆಡಿಸಿ.

ಡ್ರಮ್ಮರ್‌ಗೆ ಒಂದೇ ಮಾತು: ಹಾಡು ತುದಿಗೇರುವವರೆಗೆ ಕ್ರ್ಯಾಶ್ ತಾಳ (ಜೋರು ಸದ್ದಿನ ಸಿಂಬಲ್) ಮುಟ್ಟಬೇಡಿ. ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್ಮಾದ ಫ್ಲೋರ್ ಟಾಮ್‌ನಲ್ಲೇ ಕಟ್ಟುತ್ತ ಬನ್ನಿ.

ಇನ್ನು ಗಾಯನ. ಎನ್ವಿಯ ಎದೆಬಡಿತ ಇರುವುದೇ ಇಲ್ಲಿ. ತೆತ್ಸುಯಾ ಫುಕಾಗಾವಾ ಜಪಾನಿಯಲ್ಲಿ ಮೆಲ್ಲಗೆ ಮಾತಾಡುತ್ತಾರೆ, ಆಮೇಲೆ ಕಿರುಚುತ್ತಾರೆ. ಎರಡೂ ಒಬ್ಬನೇ ಮನುಷ್ಯನ ಮಾತು ಎಂದು ನಂಬಿಕೆ ಹುಟ್ಟುತ್ತದೆ. 2016ರಲ್ಲಿ ಅವರು ಬ್ಯಾಂಡ್ ಬಿಟ್ಟು, 2018ರಲ್ಲಿ ಮರಳಿದರು. 2020ರ ‘ದ ಫಾಲನ್ ಕ್ರಿಮ್ಸನ್’ನಲ್ಲಿ ಆ ದನಿ ಮತ್ತೆ ಸಿಕ್ಕಿದ್ದು ಕೇಳುಗರ ಪುಣ್ಯ. ಮಾತಿನ ಭಾಗವನ್ನು ನಾಟಕದ ಸಂಭಾಷಣೆಯಂತೆ ಒಪ್ಪಿಸಬೇಡಿ, ಎದುರಿಗೆ ಕೂತವರಿಗೆ ಹೇಳುವಷ್ಟೇ ದನಿ ಸಾಕು. ಮೈಕ್ ಒಂದು ಗೇಣಿಗಿಂತ ಹತ್ತಿರವಿರಲಿ.

ಕಿರುಚುವ ಮುಂಚೆ ಹತ್ತು ಹದಿನೈದು ನಿಮಿಷ ಗುನುಗಿ ಗಂಟಲು ಹದಮಾಡಿಕೊಳ್ಳಿ. ಒತ್ತಡ ಹೊಟ್ಟೆಯಿಂದ ಬರಬೇಕು. ಗಂಟಲು ಉರಿದರೆ ಅಥವಾ ನೋವಾದರೆ ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಿ. ಮರುದಿನವೂ ದನಿ ಒಡೆದೇ ಇದ್ದರೆ ತಂತ್ರವೇ ತಪ್ಪಿದೆ ಎಂದರ್ಥ. ದನಿ ವಾರಗಟ್ಟಲೆ ಸರಿಹೋಗದಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಕನ್ನಡದಲ್ಲಿ ಬರೆಯುವವರು ಕಿರುಚುವ ಸಾಲು ‘ಆ’ ಅಥವಾ ‘ಓ’ ದೀರ್ಘದಲ್ಲಿ ಮುಗಿಯುವಂತೆ ನೋಡಿಕೊಳ್ಳಿ. ‘ಈ’ಯನ್ನು ಎಳೆಯುವಾಗ ಬಾಯಿ ಕಿರಿದಾಗಿ ಗಂಟಲು ಬಿಗಿಯುವುದು ಸುಲಭ.

ರೆಕಾರ್ಡ್ ಮಾಡುವಾಗ ಅತಿ ಜೋರಿನ ಕಿರುಚಾಟವೂ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆ ಪ್ರೀಆಂಪ್ (ಮೈಕಿನ ಸದ್ದನ್ನು ಮೊದಲು ಏರಿಸುವ ಸಾಧನ) ಇಳಿಸಿ. ಮಾತಿನ ಭಾಗವನ್ನು ಬೇರೆ ಟ್ರ್ಯಾಕಿನಲ್ಲಿ ಬೇರೆ ಮಟ್ಟಕ್ಕೆ ತೆಗೆದುಕೊಳ್ಳಿ. ಮಿಕ್ಸ್‌ನಲ್ಲಿ ಗಿಟಾರುಗಳ 80 ಹರ್ಟ್ಜ್ ಕೆಳಗಿನದನ್ನು ಕತ್ತರಿಸಿ, ಬೇಸ್ ಮತ್ತು ಕಿಕ್ ಡ್ರಮ್‌ಗೆ ಜಾಗ ಬಿಡಿ. ಮೆಲು ಭಾಗಕ್ಕೂ ಜೋರು ಭಾಗಕ್ಕೂ 10 ಡೆಸಿಬೆಲ್‌ನಷ್ಟಾದರೂ ಅಂತರ ಉಳಿಯಲಿ. ಕೊನೆಯ ಹಂತದ ಮಾಸ್ಟರಿಂಗ್‌ನಲ್ಲಿ ಜೋರು ಸದ್ದನ್ನು ಅದುಮುವ ಲಿಮಿಟರ್ ಅದನ್ನು ನುಂಗುತ್ತಿದ್ದರೆ ಲಿಮಿಟರ್ ಇಳಿಸಿ. ಹಾಡು ಬೇರೆಯವರದಕ್ಕಿಂತ ಸ್ವಲ್ಪ ಮೆಲ್ಲಗೆ ಕೇಳಿಸಿದರೂ ಪರವಾಗಿಲ್ಲ.