ಕೋಟಿಂಗ್ ಎಷ್ಟು ಗಟ್ಟಿ? ಅಳೆಯುವುದು ಹೀಗೆ

ಬೈಕಂಪಾಡಿಯ ವರ್ಕ್‌ಶಾಪಿನವರಿರಲಿ, ಸುರತ್ಕಲ್, ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿರಲಿ, ಎಡವುವುದು ಒಂದೇ ಕಡೆ. ಡ್ರಿಲ್ ಬಿಟ್‌ನಂಥ ಉಪಕರಣಗಳ ಮೇಲಿನ ತೆಳು ಕೋಟಿಂಗಿನ ಗಟ್ಟಿತನ ಅಳೆಯಲು ಹೋಗಿ ಅದರ ಕೆಳಗಿನ ಉಕ್ಕನ್ನು ಅಳೆದು ಬರುತ್ತಾರೆ.

ಮೊದಲು ವಸ್ತು ಯಾವುದೆಂದು ತಿಳಿದಿರಲಿ. ಮಾಮೂಲಿ ಟೈಟಾನಿಯಂ ನೈಟ್ರೈಡ್ ಸುಮಾರು 20ರಿಂದ 25 ಗಿಗಾಪಾಸ್ಕಲ್ (ಗಟ್ಟಿತನದ ಒಂದು ಅಳತೆ) ಗಟ್ಟಿ. ಅದಕ್ಕೆ ಹದವಾಗಿ ಸಿಲಿಕಾನ್ ಸೇರಿಸಿದರೆ ನ್ಯಾನೊಕಾಂಪೋಸಿಟ್: ಕೆಲವೇ ನ್ಯಾನೊಮೀಟರ್ ಅಗಲದ ನೈಟ್ರೈಡ್ ಹರಳುಗಳು, ಅವುಗಳ ಸುತ್ತ ತೀರಾ ತೆಳು ಸಿಲಿಕಾನ್ ನೈಟ್ರೈಡ್ ಪದರ. ಹರಳು ಅಷ್ಟು ಚಿಕ್ಕದಾದರೆ ಅದರೊಳಗೆ ಡಿಸ್‌ಲೊಕೇಶನ್ (ಪರಮಾಣುಗಳ ಸಾಲಿನ ದೋಷ, ಅದು ಸರಿದಾಡಿದರೆ ವಸ್ತು ತಗ್ಗುತ್ತದೆ) ಓಡಾಡಲು ಜಾಗವಿಲ್ಲ. ಹರಳುಗಳು ಒಂದರ ಮೇಲೊಂದು ಜಾರದಂತೆ ಆ ಪದರ ಹಿಡಿದಿಡುತ್ತದೆ. 40 ಗಿಗಾಪಾಸ್ಕಲ್ ದಾಟಿದ ವರದಿಗಳು 1990ರ ದಶಕದಿಂದಲೇ ಇವೆ. ಸಿಲಿಕಾನ್ ಜಾಸ್ತಿಯಾಗಿ ಪದರ ದಪ್ಪವಾದರೆ ಗಟ್ಟಿತನ ಇಳಿಯುತ್ತದೆ. ಪೆಟ್ಟಿಗೆ ಮೇಲೆ ‘ನ್ಯಾನೊ’ ಎಂದು ಬರೆದ ಅಗ್ಗದ ಡ್ರಿಲ್ ಬಿಟ್ಟಿನ ಹೊಂಬಣ್ಣಕ್ಕೆ ಮರುಳಾಗಬೇಡಿ, ಬಣ್ಣದಿಂದ ಏನೂ ಗೊತ್ತಾಗುವುದಿಲ್ಲ.

ಹೆಜ್ಜೆ 1: ನುಣುಪಾದ ತುಂಡು ಆರಿಸಿ, ಕೋಟಿಂಗ್ ದಪ್ಪ ಅಳೆದುಕೊಳ್ಳಿ. ಡೈಮಂಡ್ ಪೇಸ್ಟ್ ಹಚ್ಚಿದ ಉಕ್ಕಿನ ಗುಂಡು ತಿರುಗಿಸಿ ಕುಳಿ ತೋಡುವ ವಿಧಾನ ಸಾಕು.

ಹೆಜ್ಜೆ 2: ಭಾರ ಆರಿಸುವುದು. ಕೆಲಸ ಕೆಡುವುದೇ ಇಲ್ಲಿ. ಗಟ್ಟಿತನ ಅಳೆಯುವುದು ವಜ್ರದ ಮೊನೆಯ ಸೂಜಿಯನ್ನು ಭಾರ ಹಾಕಿ ಒತ್ತಿ. ಆ ಸೂಜಿ ಇಳಿಯುವ ಆಳ ಕೋಟಿಂಗ್ ದಪ್ಪದ ಹತ್ತನೇ ಒಂದು ಭಾಗ ದಾಟಬಾರದು. ದಾಟಿದರೆ ಹಾಸಿಗೆ ಮೇಲೆ ಹಪ್ಪಳ ಇಟ್ಟು ಒತ್ತಿದ ಹಾಗೆ, ತಗ್ಗುವುದು ಹಾಸಿಗೆ. ಲೆಕ್ಕ ನೋಡಿ. ದಪ್ಪ 3 ಮೈಕ್ರಾನ್, ಗಟ್ಟಿತನ 30 ಗಿಗಾಪಾಸ್ಕಲ್, ಅಂದರೆ ಸುಮಾರು 3060 ವಿಕರ್ಸ್ (ಪಿರಮಿಡ್ ಆಕಾರದ ವಜ್ರ ಒತ್ತಿ, ಮೂಡಿದ ಚೌಕ ಗುರುತಿನ ಕರ್ಣ ಅಳೆದು ಪಡೆಯುವ ಅಂಕೆ). ವಿಕರ್ಸ್ ಗುರುತಿನ ಆಳ ಅದರ ಕರ್ಣದ ಏಳನೇ ಒಂದು ಭಾಗ. 50 ಗ್ರಾಂ ಭಾರ ಹಾಕಿದರೆ ಕರ್ಣ 5.5 ಮೈಕ್ರಾನ್, ಆಳ 0.8 ಮೈಕ್ರಾನ್. ಕೋಟಿಂಗಿನ ಕಾಲು ಭಾಗವೇ ಹೋಯಿತು! ಕೆಳಗಿರುವುದು 800–900 ವಿಕರ್ಸಿನ ಹೈಸ್ಪೀಡ್ ಸ್ಟೀಲ್ (ಉಪಕರಣ ಮಾಡುವ ಉಕ್ಕು) ಆದರೆ ಬರುವ ಅಂಕೆ ಎರಡರ ಬೆರಕೆ.

ಹಾಗಾದರೆ ಭಾರ ಇಳಿಸಿದರಾಯಿತು, ಅಲ್ವಾ? 0.3 ಮೈಕ್ರಾನ್ ಆಳಕ್ಕೆ 7 ಗ್ರಾಂ ಸಾಕು, ಆದರೆ ಆಗ ಕರ್ಣ ಬರೀ 2.1 ಮೈಕ್ರಾನ್. ಮೈಕ್ರೊಸ್ಕೋಪಿನಲ್ಲಿ 0.2 ಮೈಕ್ರಾನ್ ತಪ್ಪಿ ಓದಿದರೂ ಗಟ್ಟಿತನದಲ್ಲಿ ಶೇ 20ರಷ್ಟು ಏರುಪೇರು. ಅದಕ್ಕೇ ಇಂಥ ಕೋಟಿಂಗಿಗೆ ಮೈಕ್ರೊವಿಕರ್ಸ್ (ಕಡಿಮೆ ಭಾರದ ವಿಕರ್ಸ್ ಪರೀಕ್ಷೆ) ಬೇಡ, ನ್ಯಾನೊಇಂಡೆಂಟರ್‌ಗೇ ಹೋಗಿ. ಅದು ಗುರುತು ನೋಡುವುದಿಲ್ಲ, ಭಾರ ಏರಿಳಿಯುವಾಗ ಆಳವನ್ನೇ ದಾಖಲಿಸುತ್ತದೆ. ಬೇರೆ ಬೇರೆ ಆಳದಲ್ಲಿ ಒತ್ತಿ ನೋಡಿ. ಅಂಕೆ ಒಂದು ಮಟ್ಟದಲ್ಲಿ ನಿಂತ ಭಾಗವನ್ನು ಮಾತ್ರ ತೆಗೆದುಕೊಳ್ಳಿ. ತೀರಾ ಮೇಲ್ಮೈಯಲ್ಲಿ ಒತ್ತಿದರೆ ಉಬ್ಬುತಗ್ಗು ಮೋಸ ಮಾಡುತ್ತದೆ. ಆಳ ಮೇಲ್ಮೈ ಒರಟುತನದ ಇಪ್ಪತ್ತು ಪಟ್ಟಾದರೂ ಇರಲಿ. ನಮ್ಮ ಮಳೆಗಾಲದಲ್ಲಿ ಹೊರಗಿಂದ ತಂದ ಸ್ಯಾಂಪಲನ್ನು ಆಗಲೇ ಒತ್ತಬೇಡಿ, ಎಸಿ ಕೋಣೆಯ ಬಿಸಿಗೆ ಹೊಂದಿಕೊಳ್ಳಲಿ.

ಹೆಜ್ಜೆ 3: ಫ್ಯೂಸ್ಡ್ ಸಿಲಿಕಾ (ಶುದ್ಧ ಸಿಲಿಕಾ ಗಾಜು) ತುಂಡಿನ ಮೇಲೆ ಯಂತ್ರ ಪರೀಕ್ಷಿಸಿ. ಸುಮಾರು 9 ಗಿಗಾಪಾಸ್ಕಲ್ ಬರಬೇಕು. ಬರದಿದ್ದರೆ ಮೊನೆ ಸವೆದಿದೆ, ಇಲ್ಲವೇ ಅದರ ಕ್ಯಾಲಿಬ್ರೇಶನ್ ಹಳೆಯದು. ನ್ಯಾಯವಾಗಿ ಇದು ಮೊದಲೇ ಆಗಬೇಕಾದ ಕೆಲಸ, ಯಾರೂ ಮಾಡುವುದಿಲ್ಲ.

ಹೆಜ್ಜೆ 4: ಕಾರ್ಬೈಡ್ (ಬಿಸಿಗೂ ಗಟ್ಟಿಯಾಗಿರುವ ಉಪಕರಣದ ವಸ್ತು) ಮೇಲೆ ಇದೇ ಕೋಟಿಂಗ್ ಹಾಕಿದ ಇನ್ನೊಂದು ತುಂಡನ್ನು ವ್ಯಾಕ್ಯೂಮಿನಲ್ಲಿ 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ತಣಿದ ಮೇಲೆ ಮತ್ತೆ ಅಳೆಯಿರಿ. ಹೈಸ್ಪೀಡ್ ಸ್ಟೀಲ್ ಆ ಬಿಸಿಗೆ ತಾನೇ ಮೆತ್ತಗಾಗುತ್ತದೆ, ಹಾಗಾಗಿ ಬೇಡ. ಕೋಟಿಂಗ್ ಹಾಕುವಾಗ ಅಯಾನುಗಳ ಹೊಡೆತಕ್ಕೆ ಒಳಗೆ ಒತ್ತಡ ತುಂಬಿ ಗಟ್ಟಿತನ ಉಬ್ಬಿರಬಹುದು. ಕಾಯಿಸಿದ ಮೇಲೆ ಅಂಕೆ ಜರ್ರನೆ ಇಳಿದರೆ ಮೊದಲ ಅಂಕೆ ಬಹುಮಟ್ಟಿಗೆ ಆ ಒತ್ತಡದ್ದು. ಹರಳು–ಪದರದ ರಚನೆಯಿಂದ ಬಂದ ಗಟ್ಟಿತನ ಇಷ್ಟು ಬಿಸಿಗೆ ಅಲುಗುವುದಿಲ್ಲ.