ಲಂಡನ್ನಲ್ಲಿ ಜೇಬಿನ ಚಾಕು: ನನ್ನ ಅನುಭವ

ಲಂಡನ್ನಿಗೆ ಬಂದು ಎಂಟು ವರ್ಷ ಆಯ್ತು. ಆಫೀಸ್ ಬಿಲ್ಡಿಂಗುಗಳಲ್ಲಿ ನೆಟ್‌ವರ್ಕ್ ಕೇಬಲ್ ಎಳೆಯೋದು, ರ‍್ಯಾಕ್ ಜೋಡಿಸೋದು ನನ್ನ ಕೆಲಸ. ಊರು ಶಿರಸಿ ಹತ್ರ, ಅಡಿಕೆ ತೋಟದ ಮನೆ. ಆ ಕಡೆ ಬೆಳೆದೋರಿಗೆ ಗೊತ್ತು, ತೋಟಕ್ಕೆ ಹೊರಟ್ರೆ ಸೊಂಟದಲ್ಲಿ ಕತ್ತಿ ಇರ್ಲೇಬೇಕು, ಜಗಲಿ ಮೇಲೆ ಕೂತ್ರೆ ಎಲೆ ಸಂಚಿ ಒಳಗೆ ಅಡಕತ್ತರಿ ಜೊತೆ ಒಂದು ಸಣ್ಣ ಚಾಕು ಇರುತ್ತೆ, ಅಜ್ಜ ಅದ್ರಲ್ಲೇ ಎಲೆ ತೊಟ್ಟು ತೆಗೀತಿದ್ರು, ಅದ್ರಲ್ಲೇ ನಮಗೆ ಪೇರಲೆಹಣ್ಣು ಹೆಚ್ಚಿ ಕೊಡ್ತಿದ್ರು, ಕಾಲಿಗೆ ಮುಳ್ಳು ಚುಚ್ಚಿದ್ರೂ ಅದೇ ಚಾಕು. ಹಂಗಾಗಿ ನಂಗೆ ಜೇಬಲ್ಲಿ ಚಾಕು ಇಟ್ಕೊಳ್ಳೋದು ಅಂದ್ರೆ ಕರ್ಚೀಫ್ ಇಟ್ಕೊಂಡಷ್ಟೇ ಸಹಜ. ಇಲ್ಲಿಗೆ ಬಂದ ಮೊದಲ ವರ್ಷ ಚಾಕು ಇಟ್ಕೊಳ್ಳೋಕೇ ಹೆದರಿ ಬಿಟ್ಟಿದ್ದೆ, ಆಮೇಲೆ ಕೂತು ಕಾನೂನು ಓದಿ, ಅಳತೆ ಮಾಡಿ, ಈಗ ಏಳು ವರ್ಷದಿಂದ ದಿನಾ ಇಟ್ಕೊಂಡು ಓಡಾಡ್ತಿದೀನಿ. ಹೊಸದಾಗಿ ಬರೋ ನಮ್ಮ ಹುಡುಗರು ಪದೇಪದೇ ಕೇಳ್ತಾರೆ ಅಂತ ಎಲ್ಲಾ ಒಂದೇ ಕಡೆ ಬರೀತಿದೀನಿ.

ಮೊದಲು ಒಂದು ಮಾತು. ಇಲ್ಲಿ ಕಾನೂನು ಇಷ್ಟು ಬಿಗಿ ಯಾಕೆ ಅಂತ ನಂಗೆ ಯಾರೂ ಪಾಠ ಹೇಳ್ಬೇಕಾಗಿ ಬರಲಿಲ್ಲ. ನಾನು ಬಸ್ ಹತ್ತೋ ಸ್ಟಾಪ್ ಪಕ್ಕದ ಕಂಬಕ್ಕೆ ಒಂದ್ಸಲ ಹೂವಿನ ಗೊಂಚಲು, ಒಂದು ಫುಟ್ಬಾಲ್ ಶರ್ಟು, ಮಳೆಗೆ ಮಸಿ ಇಳಿದ ಪತ್ರಗಳು ಕಟ್ಟಿದ್ರು, ತಿಂಗಳುಗಟ್ಟಲೆ ಹಂಗೇ ಇತ್ತು. ಚಾಕು ಇರಿತಕ್ಕೆ ಸತ್ತಿದ್ದು ಶಾಲೆಗೆ ಹೋಗೋ ಹುಡುಗ. ಅವನ ತಾಯಿ ಬಂದು ಬಾಡಿದ ಹೂವು ತೆಗ್ದು ಹೊಸಾದು ಕಟ್ತಿದ್ದಿದ್ದನ್ನ ಎರಡು ಸಲ ನೋಡಿದೀನಿ. ಹಾಗಾಗಿ ಈ ಕಾನೂನಿನ ಮೇಲೆ ನಂಗೆ ಸಿಟ್ಟಿಲ್ಲ, ಅದ್ರಲ್ಲಿ ಹೆಂಗೆ ನುಣುಚಿಕೊಳ್ಳೋದು ಅಂತ ಹೇಳಿಕೊಡೋಕೂ ನಾನು ಕೂತಿಲ್ಲ.

ಕಾನೂನು ಇರೋದು 1988ರ ಕ್ರಿಮಿನಲ್ ಜಸ್ಟಿಸ್ ಆಕ್ಟಿನ 139ನೇ ಸೆಕ್ಷನ್ನಲ್ಲಿ. ಹರಿತವಾದದ್ದು ಅಥವಾ ಚೂಪಾದದ್ದು ಏನೇ ಇದ್ರೂ ಪಬ್ಲಿಕ್ ಜಾಗದಲ್ಲಿ ಇಟ್ಕೊಂಡು ಓಡಾಡೋದು ಅಪರಾಧ, ಜೈಲು ನಾಲ್ಕು ವರ್ಷದ ತನಕ ಆಗ್ಬಹುದು. ಇದಕ್ಕೆ ಒಂದೇ ಒಂದು ಸಣ್ಣ ಕಿಂಡಿ ಬಿಟ್ಟಿದಾರೆ: ಮಡಚೋ ಪಾಕೆಟ್ ಚಾಕು, ಅದರ ಹರಿತವಾದ ಅಂಚು 3 ಇಂಚು ಅಂದ್ರೆ 7.62 ಸೆಂಟಿಮೀಟರ್ ದಾಟಿರಬಾರದು. ಅದಕ್ಕೆ ಕಾರಣ ಕೊಡ್ಬೇಕಾಗಿಲ್ಲ, ಲೈಸೆನ್ಸ್ ಬೇಕಾಗಿಲ್ಲ. ಬೇರೆ ಯಾವ ಚಾಕು ಆದ್ರೂ ಇಟ್ಕೊಳ್ಳೋಕೆ ತಕ್ಕ ಕಾರಣ ಇರ್ಬೇಕು, ಆ ಕಾರಣ ನಿಜ ಅಂತ ತೋರಿಸೋ ಹೊಣೆ ನಮ್ಮದೇ.

ಇಲ್ಲಿ ಎಲ್ಲರೂ ಎಡವೋದು ಉದ್ದದ ವಿಷಯದಲ್ಲಿ ಅಂದ್ಕೊಂಡಿದ್ರೆ ತಪ್ಪು, ಎಡವೋದು ಲಾಕಲ್ಲಿ. ತೆಗೆದಾಗ ಟಕ್ ಅಂತ ಕೂತು ಗಟ್ಟಿಯಾಗೋ ಚಾಕು, ಮಡಚೋಕೆ ಒಂದು ಬಟನ್ನೋ ಲಿವರ್ರೋ ರಿಂಗೋ ಒತ್ಬೇಕಾದ ಚಾಕು, ಅದು ಕಾನೂನಿನ ಕಣ್ಣಲ್ಲಿ ಮಡಚೋ ಚಾಕೇ ಅಲ್ಲ. 1990ರ ದಶಕದ ಶುರುವಲ್ಲೇ ಕೋರ್ಟು ಇದನ್ನ ತೀರ್ಮಾನ ಮಾಡಿ ಆಗಿದೆ, ಚಾಕು ಯಾವಾಗ ಬೇಕಾದ್ರೂ ಸುಮ್ನೆ ಒತ್ತಿದ್ರೆ ಮಡಚ್ಕೋಬೇಕು, ಇಲ್ಲ ಅಂದ್ರೆ ಅಡುಗೆಮನೆ ಚಾಕುನ ಜೇಬಲ್ಲಿ ಇಟ್ಕೊಂಡ ಹಾಗೇ ಲೆಕ್ಕ, ಬ್ಲೇಡು 2 ಇಂಚೇ ಇರ್ಲಿ.

ನಂಗೆ ಇದು ಗೊತ್ತಾಗಿದ್ದು ದುಡ್ಡು ಕಳ್ಕೊಂಡ ಮೇಲೆ. ಒಂದು ಕ್ಯಾಂಪಿಂಗ್ ಸಾಮಾನಿನ ಅಂಗಡಿಲಿ ಚೆನ್ನಾಗಿರೋ ಚಾಕು ನೋಡ್ದೆ, ಇದನ್ನ ದಿನಾ ಜೇಬಲ್ಲಿ ಇಟ್ಕೋಬಹುದಾ ಅಂತ ನೇರವಾಗೇ ಕೇಳ್ದೆ, ಮಾರೋನು ಬ್ಲೇಡ್ ಕಡೆ ನೋಡಿ ‘3 ಇಂಚಿಗಿಂತ ಕಮ್ಮಿ ಇದೆ, ಏನೂ ತೊಂದ್ರೆ ಇಲ್ಲ’ ಅಂದ. ಮನೆಗೆ ಬಂದು ಮಡಚೋಕೆ ನೋಡಿದ್ರೆ ಒಳಗೆ ಒಂದು ಉಕ್ಕಿನ ಪಟ್ಟಿ ಅಡ್ಡ ಬಂದು ಕೂತಿದೆ, ಅದನ್ನ ಹೆಬ್ಬೆರಳಲ್ಲಿ ಪಕ್ಕಕ್ಕೆ ತಳ್ಳದೆ ಮಡಚೋ ಹಾಗಿಲ್ಲ. ಮಾರೋದು ತಪ್ಪಲ್ಲ, ಮನೇಲಿ ಇಟ್ಕೊಳ್ಳೋದೂ ತಪ್ಪಲ್ಲ, ಬೀದಿಗೆ ತಂದ್ರೆ ಮಾತ್ರ ತಪ್ಪು. ವಾಪಸ್ ತಗೊಳ್ಳಲ್ಲ ಅಂದ್ರು. ಅದನ್ನ ರಟ್ಟಲ್ಲಿ ಸುತ್ತಿ ಟೇಪ್ ಹಾಕಿ, ಚಾಕು ಒಪ್ಪಿಸೋಕೆ ಅಂತಾನೇ ಇಲ್ಲಿ ಕೆಲವು ಕಡೆ ಇಟ್ಟಿರೋ ದೊಡ್ಡ ಕಬ್ಬಿಣದ ಡಬ್ಬಿ ಇರುತ್ತಲ್ಲ, ಹೆಸರೂ ಕೇಳಲ್ಲ ಏನೂ ಕೇಳಲ್ಲ, ಅದಕ್ಕೆ ಹಾಕಿ ಬಂದೆ. ಅದು ತಳಕ್ಕೆ ಬಿದ್ದಾಗ ಬೇರೆ ಎಷ್ಟೋ ಲೋಹದ ಮೇಲೆ ಬಿದ್ದ ಸದ್ದು ಕೇಳಿಸ್ತು, ಆ ಸದ್ದು ಇನ್ನೂ ನೆನಪಿದೆ.

ಆಮೇಲೆ ತಗೊಂಡಿದ್ದು ವಿಕ್ಟೊರಿನಾಕ್ಸ್ ಸ್ಪಾರ್ಟನ್, ಎಲ್ಲರಿಗೂ ಗೊತ್ತಿರೋ ಕೆಂಪು ಸ್ವಿಸ್ ಚಾಕು, ಮಡಚಿದಾಗ 91 ಮಿಲಿಮೀಟರ್. ಊಟದ ಟೇಬಲ್ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ದೊಡ್ಡ ಬ್ಲೇಡ್ ಅಳೆದೆ, 7 ಸೆಂಟಿಮೀಟರಿನ ಆಸುಪಾಸು, ಅದರಲ್ಲೂ ಬುಡದ ಹತ್ರ ಮೊಂಡು ಜಾಗ ಇರೋದ್ರಿಂದ ಹರಿತದ ಅಂಚು ಇನ್ನೂ ಕಮ್ಮಿ. ಆಮೇಲೆ ಬ್ಲೇಡ್ ಪೂರ್ತಿ ತೆಗೆದು ಅದರ ಬೆನ್ನನ್ನ ಬೆರಳಲ್ಲಿ ಒತ್ತಿ ನೋಡಿದೆ, ಸ್ಪ್ರಿಂಗ್ ಸ್ವಲ್ಪ ತಡೆದು ಆಮೇಲೆ ಬಿಟ್ಟುಕೊಡುತ್ತೆ, ಮಡಚ್ಕೊಳ್ಳುತ್ತೆ. ನೋಡ್ಬೇಕಾದ ಪರೀಕ್ಷೆ ಇಷ್ಟೇ. ಇಂಥದಕ್ಕೆ ಸ್ಲಿಪ್ ಜಾಯಿಂಟ್ ಅಂತಾರೆ, ಶೆಫೀಲ್ಡ್ ಊರಲ್ಲಿ ನೂರಾರು ವರ್ಷದಿಂದ ಇದೇ ತರದ್ದು ಮಾಡ್ಕೊಂಡು ಬಂದಿದಾರೆ. ಹೆಸರು ನೋಡಿ ಮಾತ್ರ ತಗೋಬೇಡಿ. ಅದೇ ವಿಕ್ಟೊರಿನಾಕ್ಸಿನ 111 ಮಿಲಿಮೀಟರ್ ದೊಡ್ಡ ಮಾಡೆಲ್ಲುಗಳಲ್ಲಿ ಲಾಕ್ ಬರುತ್ತೆ, ಓಪಿನೆಲ್ 8ನೇ ನಂಬರಿಗೆ ಕುತ್ತಿಗೆ ಹತ್ರ ತಿರುಗಿಸೋ ರಿಂಗ್ ಇದೆ, ಬ್ಲೇಡೂ 8.5 ಸೆಂಟಿಮೀಟರ್, ಎರಡೂ ಲೆಕ್ಕದಲ್ಲಿ ಹೊರಗೆ. ಲೆದರ್‌ಮ್ಯಾನ್ ತರದ ಮಲ್ಟಿಟೂಲುಗಳಲ್ಲಿ ಎಷ್ಟೋಂದರ ಚಾಕು ಲಾಕ್ ಆಗುತ್ತೆ, ಇಕ್ಕಳ ಇದೆ ಸ್ಕ್ರೂಡ್ರೈವರ್ ಇದೆ ಅಂತ ಅದಕ್ಕೆ ರಿಯಾಯಿತಿ ಸಿಗಲ್ಲ.

ಈಗ ನಂಗೆ ಅತಿ ಮುಖ್ಯ ಅನ್ಸಿರೋದು. ಚಾಕು ಎಷ್ಟೇ ಕಾನೂನು ಪ್ರಕಾರ ಇರ್ಲಿ, ಇಟ್ಕೊಂಡಿರೋ ಉದ್ದೇಶ ಕೆಟ್ಟದ್ದಾದ್ರೆ ಎಲ್ಲಾ ಹೋಯ್ತು. 1953ರಿಂದಲೇ ಇನ್ನೊಂದು ಕಾನೂನು ಇದೆ, ಯಾರಿಗಾದ್ರೂ ಗಾಯ ಮಾಡೋಕೆ ಅಂತ ಇಟ್ಕೊಂಡ ಯಾವ ವಸ್ತು ಆದ್ರೂ ಅದು ಆಯುಧ. ‘ರಾತ್ರಿ ಲೇಟಾಗಿ ಬರ್ತೀನಿ, ಸೇಫ್ಟಿಗೆ ಇರ್ಲಿ ಅಂತ’ ಅನ್ನೋದು ನಮ್ಮೂರಲ್ಲಿ ಯಾರಿಗೂ ತಪ್ಪು ಅನ್ಸಲ್ಲ. ಇಲ್ಲಿ ಆ ಒಂದು ವಾಕ್ಯ ಬಾಯಿಂದ ಬಿದ್ರೆ ಕೀಚೈನಿನ ಪುಟಾಣಿ ಚಾಕು ಕೂಡ ಆಯುಧ ಆಗ್ಬಿಡುತ್ತೆ. ದಾವಣಗೆರೆಯಿಂದ ಮಾಸ್ಟರ್ಸ್ ಮಾಡೋಕೆ ಬಂದಿದ್ದ ಒಬ್ಬ ಹುಡುಗ, ಪಾರ್ಟ್ ಟೈಮ್ ಕೆಲಸ ಮುಗಿಸಿ ನಡುರಾತ್ರಿ ಬಸ್ಸಲ್ಲಿ ಬರೋನು, ‘ಅಣ್ಣ, ನಂಗೂ ನಿಮ್ಮ ತರದ್ದೇ ಒಂದು ಕೊಡಿಸಿ, ಭಯ ಆಗುತ್ತೆ’ ಅಂದ. ನಾನು ಕೊಡಿಸಲಿಲ್ಲ. ಭಯಕ್ಕೆ ಅಂತ ಇಟ್ಕೊಳ್ಳೋದಾದ್ರೆ ಬೇಡವೇ ಬೇಡ ಕಣೋ ಅಂದೆ, ಬಸ್ಸಲ್ಲಿ ಕೆಳಗಡೆ ಡ್ರೈವರ್ ಹತ್ರ ಕೂತ್ಕೋ, ಇಳಿದ ಮೇಲೆ ನಂಗೆ ಫೋನ್ ಮಾಡ್ಕೊಂಡೇ ನಡಿ ಅಂದೆ. ಒಂದು ಚಳಿಗಾಲ ಪೂರ್ತಿ ಹಂಗೇ ಮಾಡಿದ, ರಾತ್ರಿ ಒಂದು ಗಂಟೆಗೆ ಅವನ ಫೋನ್ ಬರ್ತಿತ್ತು, ಮನೆ ಬಾಗಿಲು ತೆಗೆದ ಸದ್ದು ಕೇಳೋ ತನಕ ಮಾತಾಡ್ತಿದ್ವಿ.

ಕೆಲಸದ ಚಾಕುದು ಬೇರೆ ಕಥೆ. ಕೇಬಲ್ಲಿನ ಮೇಲಿನ ಸಿಪ್ಪೆ ಸೀಳೋಕೆ, ಡಬ್ಬಿ ಒಡೆಯೋಕೆ ನಂಗೆ ಸ್ಟಾನ್ಲಿ ನೈಫ್, ಅಂದ್ರೆ ಹಿಡಿಗೆ ಬ್ಲೇಡ್ ಸಿಕ್ಕಿಸೋ ಕೆಲಸಗಾರರ ಚಾಕು, ಬೇಕೇ ಬೇಕು, ಬ್ಲೇಡ್ ಎಷ್ಟೇ ಚಿಕ್ಕದಾದ್ರೂ ಅದು ಮಡಚೋ ಚಾಕು ಅಲ್ಲ, ಅದಕ್ಕೆ ಕಾರಣ ಬೇಕು. ಕೆಲಸ ಅನ್ನೋದು ಕಾನೂನೇ ಒಪ್ಪಿರೋ ಕಾರಣ, ಆದ್ರೆ ಅದು ಕೆಲಸಕ್ಕೆ ಹೋಗಿ ಬರೋ ಹೊತ್ತಿಗೆ ಮಾತ್ರ. ಒಂದು ಶುಕ್ರವಾರ ಕೆಲಸ ಮುಗಿಸಿ ಬ್ಯಾಗ್ ಖಾಲಿ ಮಾಡದೆ ಮಲಗ್ದೆ. ಶನಿವಾರ ಅದೇ ಬ್ಯಾಗಿಗೆ ನೀರಿನ ಬಾಟ್ಲಿ ಹಾಕ್ಕೊಂಡು ಹೆಂಡತಿ ಮಗಳ ಜೊತೆ ಈಸ್ಟ್ ಹ್ಯಾಮಿಗೆ ದೋಸೆ ತಿನ್ನೋಕೆ ಹೋದೆ, ಟ್ಯೂಬಲ್ಲಿ, ಅಂದ್ರೆ ಇಲ್ಲಿನ ಮೆಟ್ರೋ ರೈಲಲ್ಲಿ, ಕಿಕ್ಕಿರಿದ ಜನ. ಹೋಟೆಲಲ್ಲಿ ಬಾಟ್ಲಿ ತೆಗೆಯೋಕೆ ಕೈ ಹಾಕಿದ್ರೆ ಬೆರಳಿಗೆ ಸ್ಟಾನ್ಲಿ ನೈಫಿನ ಹಳದಿ ಹಿಡಿ ತಾಗ್ತು. ಕೈ ಬೆವರಿ ಹೋಯ್ತು. ಮರ್ತು ಹೋಗಿತ್ತು ಅನ್ನೋದು ಅಷ್ಟಕ್ಕೇ ತಕ್ಕ ಕಾರಣ ಆಗಲ್ಲ ಅಂತ ಕೋರ್ಟುಗಳು ಹೇಳಿರೋದನ್ನ ನಾನು ಓದಿದ್ದೆ, ಹೆಂಡತಿ ಎದುರು ಕೂತು ಸಾಂಬಾರ್ ಕುಡೀತಿದ್ಲು, ಅವಳಿಗೆ ಹೇಳೋಕೂ ಆಗ್ಲಿಲ್ಲ. ಅದ್ರ ಮೇಲೆ ಪರ್ಮನೆಂಟ್ ವೀಸಾಗೆ ಅರ್ಜಿ ಹಾಕೋ ವರ್ಷ ಅದು, ಫಾರ್ಮಲ್ಲಿ ಶಿಕ್ಷೆ ಆಗಿದ್ಯಾ ಅಂತ ಕೇಳ್ತಾರೆ. ಏನೂ ಆಗ್ಲಿಲ್ಲ, ಮನೆ ಸೇರಿದೆ. ಆ ರಾತ್ರೀನೇ ಎರಡು ಬ್ಯಾಗ್ ಮಾಡಿದೆ. ಕೆಲಸದ ಬ್ಯಾಗು ಕೆಲಸಕ್ಕೆ ಮಾತ್ರ, ಸ್ಟಾನ್ಲಿ ನೈಫ್ ಅದರೊಳಗಿನ ಟೂಲ್ ಪೌಚಲ್ಲಿ ತಳಕ್ಕೆ, ಜಿಪ್ ಹಾಕಿ, ಆ ದಿನದ ಜಾಬ್ ಶೀಟ್ ಫೋನಲ್ಲಿ. ಮನೆಗೆ ಬಂದ ಕೂಡ್ಲೇ ಪೌಚು ಕಪಾಟಿಗೆ. ಕೆಲಸದಿಂದ ಬರ್ತಾ ದಾರೀಲಿ ಯಾರಾದ್ರೂ ಪಬ್ಬಿಗೆ ಕರೆದ್ರೆ ಮೊದಲು ಮನೆಗೆ ಹೋಗಿ ಬ್ಯಾಗ್ ಇಟ್ಟು ಬರ್ತೀನಿ, ಮುಕ್ಕಾಲು ಗಂಟೆ ಹೋದ್ರೆ ಹೋಗ್ಲಿ.

ಪೊಲೀಸ್ ಕೈಗೆ ಸಿಕ್ಕಿದ್ದು ಒಂದೇ ಸಲ, ರೈಲು ಸ್ಟೇಷನ್ನಿಂದ ಹೊರಗೆ ಬರೋ ಕಡೆ ಮೆಟಲ್ ಡಿಟೆಕ್ಟರ್ ಕಮಾನು ಇಟ್ಟಿದ್ರು. ಸದ್ದು ಮಾಡ್ತು, ಪಕ್ಕಕ್ಕೆ ಕರೆದ್ರು. ನಾನು ಜೇಬಿಗೆ ಕೈ ಹಾಕಲಿಲ್ಲ, ಇದನ್ನ ಎಲ್ಲರಿಗೂ ಹೇಳ್ತೀನಿ, ಕೈ ಹೊರಗೇ ಇಟ್ಕೊಂಡು ‘ಬಲಗಡೆ ಜೇಬಲ್ಲಿ ಒಂದು ಸಣ್ಣ ಸ್ವಿಸ್ ಚಾಕು ಇದೆ’ ಅಂತ ಮೊದಲೇ ಹೇಳ್ದೆ. ಆಫೀಸರ್ ತನ್ನ ಹೆಸರು, ಸ್ಟೇಷನ್, ಯಾವ ಕಾನೂನಿನ ಕೆಳಗೆ ಹುಡುಕ್ತಿದೀನಿ, ಏನು ಹುಡುಕ್ತಿದೀನಿ ಅಂತೆಲ್ಲಾ ಹೇಳಿದ್ರು, ಅದನ್ನ ಅವರು ಹೇಳ್ಲೇಬೇಕು. ತಾವೇ ತೆಗೆದ್ರು, ಬ್ಲೇಡ್ ಬಿಚ್ಚಿದ್ರು, ಬೆನ್ನು ಒತ್ತಿ ಮಡಚಿದ್ರು, ನಾನು ಟೇಬಲ್ ಮೇಲೆ ಮಾಡಿದ್ನಲ್ಲ ಅದೇ ಪರೀಕ್ಷೆ. ಯಾಕೆ ಇಟ್ಕೊಂಡಿದೀರಿ ಅಂದ್ರು. ಹಣ್ಣು ಹೆಚ್ಚೋಕೆ, ಪಾರ್ಸೆಲ್ ಬಿಚ್ಚೋಕೆ, ಚಿಕ್ಕಂದಿನಿಂದ ಅಭ್ಯಾಸ ಅಂದೆ, ಬ್ಯಾಗಲ್ಲಿ ಎರಡು ಸೇಬೂ ಇತ್ತು. ಕಾರಣ ಕೊಡೋ ಅಗತ್ಯ ಕಾನೂನಲ್ಲಿ ಇಲ್ಲ ಅಂತ ಅಲ್ಲಿ ವಾದ ಮಾಡೋಕೆ ಹೋಗಲಿಲ್ಲ, ನಿಜ ಇದ್ದಿದ್ದನ್ನ ಹೇಳೋಕೆ ನಂಗೇನು ಕಷ್ಟ. ವಾಪಸ್ ಕೊಟ್ರು, ಹುಡುಕಿದ್ದಕ್ಕೆ ಒಂದು ಚೀಟಿ ಕೇಳಿ ಇಸ್ಕೊಂಡೆ. ಹತ್ತು ನಿಮಿಷ.

ಕಾನೂನು ಬಿಟ್ಟರೂ ಜಾಗ ಬಿಡಲ್ಲ, ಅದು ನೆನಪಿರ್ಲಿ. ಕೋರ್ಟು, ಪಾರ್ಲಿಮೆಂಟು, ಸ್ಟೇಡಿಯಂ, ಇಂಥ ಕಡೆ ಬಾಗಿಲಲ್ಲೇ ನಿಲ್ಲಿಸ್ತಾರೆ. ಏರ್‌ಪೋರ್ಟಿಗೆ ಹೋಗೋ ದಿನ ಚೆಕ್ ಇನ್ ಬ್ಯಾಗಿಗೆ. ಮಗಳ ಸ್ಕೂಲಿಗೆ ಹೋಗುವಾಗ ನಾನು ಮನೇಲೇ ಇಟ್ಟು ಹೋಗ್ತೀನಿ, ಅಲ್ಲಿ ಕಾನೂನಿನ ಪ್ರಶ್ನೆ ಎತ್ತೋಕೆ ನಂಗೆ ಮನಸ್ಸಿಲ್ಲ. ನಿಯಮಗಳೂ ವರ್ಷವರ್ಷ ಬಿಗಿ ಆಗ್ತಿವೆ, 2024ರ ಸೆಪ್ಟೆಂಬರಲ್ಲಿ ಝೋಂಬಿ ಚಾಕು ಅನ್ನೋ ದೊಡ್ಡ ಕತ್ತಿಗಳನ್ನ ಮನೇಲಿ ಇಟ್ಕೊಳ್ಳೋದನ್ನೂ ನಿಷೇಧ ಮಾಡಿದ್ರು, 2025ರ ಆಗಸ್ಟಲ್ಲಿ ನಿಂಜಾ ಕತ್ತಿ. ಹೊಸ ವರ್ಷಕ್ಕೊಮ್ಮೆ ಸರ್ಕಾರದ ಸೈಟಲ್ಲಿ ಚಾಕು ನಿಯಮಗಳ ಪುಟ ಪೂರ್ತಿ ಓದ್ತೀನಿ.

ಹೋದ ಬೇಸಿಗೇಲಿ ಅಪ್ಪ ಬಂದಿದ್ರು. ಚೆಕ್ ಇನ್ ಸೂಟ್‌ಕೇಸಲ್ಲಿ ಅಪ್ಪೆಮಿಡಿ ಡಬ್ಬಿ ಪಕ್ಕ ಪಂಚೆಲಿ ಸುತ್ತಿ ಅಜ್ಜನ ಚಾಕು ತಂದಿದ್ರು. ಊರಿನ ಆಚಾರಿ ಮಾಡಿಕೊಟ್ಟಿದ್ದು, ಮರದ ಹಿಡಿ ಕೈ ತಾಗಿ ತಾಗಿ ಕಪ್ಪಗಾಗಿದೆ, ಮಸೆದು ಮಸೆದು ಅಲಗು ಸವೆದು ಈಗ ಕಿರುಬೆರಳಷ್ಟೂ ಇಲ್ಲ. ‘ನೀನು ಚಾಕು ಇಟ್ಕೊಳ್ಳೋನಲ್ವೇನೋ, ಇದನ್ನೇ ಇಟ್ಕೋ’ ಅಂದ್ರು. ಅಪ್ಪ, ಇದು ಮಡಚಲ್ಲ, ಇದನ್ನ ಹೊರಗೆ ತಗೊಂಡು ಹೋಗೋ ಹಾಗಿಲ್ಲ ಅಂದೆ. ‘ನಿನ್ನ ಜೇಬಲ್ಲಿರೋದು ಇದರ ಎರಡರಷ್ಟಿದೆ’ ಅಂದ್ರು. ಹೌದು ಅಪ್ಪ, ಆದ್ರೂ ಇದು ಆಗಲ್ಲ ಅಂದೆ. ಅವರು ಚಾಕುನ ತಿರುಗಿಸಿ ತಿರುಗಿಸಿ ನೋಡಿದ್ರು, ಆಮೇಲೆ ಎದ್ದು ಹೋಗಿ ತಾವೇ ಅಡುಗೆಮನೆ ಡ್ರಾಯರಲ್ಲಿ ಚಮಚಗಳ ಪಕ್ಕ ಇಟ್ರು. ಈಗ ಅದು ಅಲ್ಲೇ ಇದೆ, ದಿನಾ ಶುಂಠಿ ಹೆರೆಯೋದು ಅದ್ರಲ್ಲೇ.

ಅವರು ವಾಪಸ್ ಹೋಗೋ ಮುಂಚೆ ಒಂದಿನ ಲ್ಯಾಂಬೆತ್ ಬ್ರಿಡ್ಜ್ ಹತ್ರ ಬಸವಣ್ಣನ ಪ್ರತಿಮೆ ನೋಡೋಕೆ ಕರ್ಕೊಂಡು ಹೋದೆ, ಅಲ್ಲಿಂದ ಹೊಳೆ ದಾಟಿ ಪಾರ್ಲಿಮೆಂಟ್ ಒಳಗೆ ನೋಡೋಕೆ ಟಿಕೆಟ್ ತಗೊಂಡಿದ್ದೆ, ಅದಕ್ಕೇ ಆ ದಿನ ನನ್ನ ಚಾಕೂ ಮನೇಲೇ. ಥೇಮ್ಸ್ ದಂಡೆ ಮೇಲೆ ಬೆಂಚಲ್ಲಿ ಕೂತು ಅಪ್ಪ ಚೀಲದಿಂದ ಸೇಬು ತೆಗೆದು ನನ್ನ ಕಡೆ ಕೈ ಚಾಚಿದ್ರು. ಇವತ್ತು ತಂದಿಲ್ಲ ಅಪ್ಪ ಅಂದೆ. ಎದುರುಗಡೆ ಪಾರ್ಲಿಮೆಂಟ್ ಗೋಪುರದ ಕಡೆ ಒಂದ್ಸಲ ನೋಡಿ ಅರ್ಥ ಆದ ಹಾಗೆ ತಲೆ ಆಡಿಸಿದ್ರು, ಪಂಚೆ ಅಂಚಲ್ಲಿ ಹಣ್ಣು ಒರೆಸಿ, ಒಂದು ಕಡೆ ತಾವು ಕಚ್ಚಿ, ಇನ್ನೊಂದು ಕಡೆ ನಂಗೆ ಕೊಟ್ರು.